ಕೀಮೋಥೆರಪಿಯ ಶುಲ್ಕಸಂಕೇತಗಳ ಚರಿತ್ರೆ

ರೋಗಿಗೆ ಕೊಡುವ ಮದ್ದಿಗೆ ಒಂದು ಬೆಲೆ, ಅದನ್ನು ಕೊಡುವ ಕೆಲಸಕ್ಕೆ ಇನ್ನೊಂದು ಬೆಲೆ ಎಂಬ ವಿಚಾರವು ಸುಲಭವಾಗಿ ತೋರಬಹುದು. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಇದು ನೆಲೆಗೊಳ್ಳಲು ಬಹುಕಾಲ ಹಿಡಿಯಿತೆಂಬುದಕ್ಕೆ ಕೀಮೋಥೆರಪಿಯ ಶುಲ್ಕಸಂಕೇತಗಳ ಚರಿತ್ರೆಯೇ ನಿದರ್ಶನವಾಗಿದೆ.

ವೃದ್ಧರ ಚಿಕಿತ್ಸಾವೆಚ್ಚಕ್ಕಾಗಿ ಮೆಡಿಕೇರ್ ಶಾಸನವು 1965ರಲ್ಲಿ ಹುಟ್ಟಿತು. ಮರುವರ್ಷ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನವರು ವೈದ್ಯಕರ್ಮಗಳ ಸಂಕೇತಗ್ರಂಥವನ್ನು ಹೊರತಂದರು. ಅದರಲ್ಲಿ ಶಸ್ತ್ರಕರ್ಮಗಳೇ ಹೆಚ್ಚಾಗಿದ್ದುವು. 1970ರಲ್ಲಿ ಸಂಕೇತಗಳು ಐದಂಕಿಯವಾದುವು. 1983ರಲ್ಲಿ ಮೆಡಿಕೇರ್ ಅವನ್ನು ಅಂಗೀಕರಿಸಿತು. ಮದ್ದುಗಳಿಗೆ 'ಜೆ' ಅಕ್ಷರದಿಂದ ಮೊದಲಾಗುವ ಬೇರೆ ಸಂಕೇತಗಳಿವೆ. ಜೆ9000 ಎಂದರೆ 10 ಮಿಲಿಗ್ರಾಂ ಡಾಕ್ಸೊರುಬಿಸಿನ್.

ಹೀಗೆ ಕಾಗದದ ಮೇಲೆ ಎರಡೂ ಬೇರೆಯಾದರೂ ಹಣದಲ್ಲಿ ಬೆರೆತೇ ಇದ್ದುವು. 1998ರಿಂದ 2003ರ ವರೆಗೆ ಮದ್ದಿಗೆ ಪ್ರಕಟಿತ ಸಗಟು ಬೆಲೆಯ ಶೇಕಡಾ 95 ಸಲ್ಲುತ್ತಿತ್ತು. ವೈದ್ಯರು ಕೊಳ್ಳುತ್ತಿದ್ದ ಬೆಲೆ ಅನೇಕ ವೇಳೆ ಅದಕ್ಕಿಂತ ಬಹಳ ಕಡಮೆಯಾಗಿತ್ತು. ಮದ್ದು ಹರಿಸುವ ಕೆಲಸಕ್ಕೆ ಸಲ್ಲುವ ಶುಲ್ಕ ಸಾಲದೆಂದೂ, ಈ ಲಾಭವೇ ಆ ಕೊರತೆಯನ್ನು ತುಂಬುತ್ತದೆಂದೂ ವೈದ್ಯರು ವಾದಿಸಿದರು. 2003ರ ಶಾಸನವು ಈ ಗಂಟನ್ನು ಬಿಡಿಸಲೆಳಸಿತು. ಅದರಂತೆ 2005ರಿಂದ ಮದ್ದಿಗೆ ಸರಾಸರಿ ಮಾರಾಟದ ಬೆಲೆಯನ್ನೂ ಅದರ ಮೇಲೆ ಶೇಕಡಾ 6ನ್ನೂ ಕೊಡುವುದೆಂದಾಯಿತು. ಕೆಲಸಕ್ಕೆ ಆ ವರ್ಷ ತಾತ್ಕಾಲಿಕ ಸಂಕೇತಗಳೂ, 2006ರಲ್ಲಿ ಸಂಕೇತಗ್ರಂಥದಲ್ಲಿಯೇ ಹೊಸ ಸಂಖ್ಯೆಗಳೂ ಬಂದುವು.

ಈ ಹೊಸ ಸಂಖ್ಯೆಗಳಿಗೆ ಕಾಲವೇ ಮುಖ್ಯವಾದ ಅಳತೆ. ರಕ್ತನಾಳದಲ್ಲಿ ಮದ್ದನ್ನು ಹರಿಸುವ ಮೊದಲ ಗಂಟೆಗೆ 96413, ಮುಂದಿನ ಒಂದೊಂದು ಗಂಟೆಗೂ 96415. 15 ನಿಮಿಷ ಮೀರದಿದ್ದರೆ ಅದು ಹರಿಸುವಿಕೆಯಲ್ಲ, ಸಿರಿಂಜಿನಿಂದ ಒತ್ತಿ ಕೊಟ್ಟಂತೆ ಎಣಿಸಿ 96409. ಆದುದರಿಂದ ದಾದಿಯು ಬರೆದಿಡುವ ಆರಂಭ ಮುಕ್ತಾಯಗಳ ವೇಳೆಯೇ ಶುಲ್ಕಕ್ಕೆ ಆಧಾರ. ಇನ್ನೊಂದು ವಿಶೇಷವೇನೆಂದರೆ, ಕ್ಯಾನ್ಸರ್ ಇಲ್ಲದ ರೋಗಿಗೆ ಅಂತಹ ಉಗ್ರವಾದ ಮದ್ದನ್ನು ಕೊಟ್ಟಾಗಲೂ ಇವೇ ಸಂಖ್ಯೆಗಳು ಸಲ್ಲುತ್ತವೆ. ಇಲ್ಲಿ ಎಣಿಕೆಗೆ ಬರುವುದು ರೋಗದ ಹೆಸರಲ್ಲ, ಮದ್ದನ್ನು ಸಿದ್ಧಪಡಿಸಿ ರೋಗಿಯನ್ನು ಕಾಯುವ ಶ್ರಮ.

ಆದರೂ ಬೇರ್ಪಡಿಕೆಯು ಪೂರ್ಣವಾಗಲಿಲ್ಲ. ಶೇಕಡಾ ಲೆಕ್ಕದಲ್ಲಿ ಸೇರುವ ಹಣವು ಮದ್ದಿನ ಬೆಲೆಯೊಡನೆ ಏರುತ್ತದೆ. ಆದುದರಿಂದ ದಾದಿಯ ಶ್ರಮವು ಸಮನಾಗಿದ್ದಾಗಲೂ ಬೆಲೆಯುಳ್ಳ ಮದ್ದಿಗೆ ಹೆಚ್ಚು ಹಣ ಸಲ್ಲುತ್ತದೆ. ಶ್ರಮಕ್ಕೆ ತನ್ನದೇ ಆದ ಸಂಖ್ಯೆಗಳು ದೊರೆತರೂ ಮದ್ದಿನ ಬೆಲೆಯ ಹಿಡಿತವು ಸಂಪೂರ್ಣವಾಗಿ ತಪ್ಪಲಿಲ್ಲವೆಂಬುದು ಇದರಿಂದ ವಿಶದವಾಗುತ್ತದೆ.