ರೂಪಾಯಿ ಮತ್ತು ಪೌಂಡು: ವಿನಿಮಯ ದರದ ವಿಚಾರ ಬೆಳೆದು ಬಂದ ಬಗೆ

ಎರಡು ದೇಶಗಳ ನಾಣ್ಯಗಳ ನಡುವಣ ವಿನಿಮಯ ದರವೆಂಬುದು ವರ್ತಕರಿಗೂ ಬ್ಯಾಂಕುಗಳಿಗೂ ಮಾತ್ರ ಸಂಬಂಧಿಸಿದ ಲೆಕ್ಕಾಚಾರವೆಂಬ ಭಾವನೆ ಸಾಮಾನ್ಯವಾಗಿ ಇದೆ. ಆದರೆ ಭಾರತದ ರೂಪಾಯಿಗೂ ಇಂಗ್ಲೆಂಡಿನ ಪೌಂಡಿಗೂ ಇದ್ದ ದರದ ಚರಿತ್ರೆಯನ್ನೂ, ಅದನ್ನು ಕುರಿತು ಬೆಳೆದು ಬಂದ ಅರ್ಥಶಾಸ್ತ್ರದ ವಿಚಾರವನ್ನೂ ಕ್ರಮವಾಗಿ ಪರಿಶೀಲಿಸಿದರೆ, ದರವು ಏರಲಿ ಇಳಿಯಲಿ ಅದರ ಭಾರವನ್ನು ಹೊರುವವರು ಯಾರೆಂಬುದೇ ಮೂಲಪ್ರಶ್ನೆಯೆಂಬುದೂ, ಅದನ್ನು ನಿರ್ಭಯವಾಗಿ ಮುಂದಿಟ್ಟವರಲ್ಲಿ ಬಹುಮಂದಿ ಅಧಿಕೃತಾಭಿಪ್ರಾಯಕ್ಕೆ ಹೊರಗೆ ನಿಂತು ಭಿನ್ನಮತವನ್ನು ಬರೆದಿಟ್ಟವರೆಂಬುದೂ ಸ್ಪಷ್ಟವಾಗುತ್ತದೆ.

1835ರ ನಾಣ್ಯದ ಕಾಯಿದೆಯು 180 ಗ್ರೇನ್ ತೂಕವುಳ್ಳ, 165 ಗ್ರೇನ್ ಶುದ್ಧ ಬೆಳ್ಳಿಯನ್ನೊಳಗೊಂಡ ಏಕರೂಪದ ರೂಪಾಯಿಯನ್ನು ಬ್ರಿಟಿಷ್ ಭಾರತದಲ್ಲಿ ನೆಲೆಗೊಳಿಸಿತು. ಪೌಂಡಿಗೆ ಚಿನ್ನವು ಆಧಾರವಾಗಿದ್ದುದರಿಂದ, ಆ ಎರಡು ಲೋಹಗಳ ಬೆಲೆಯ ಪ್ರಮಾಣವು ಸ್ಥಿರವಾಗಿದ್ದಷ್ಟು ಕಾಲ ಒಂದು ರೂಪಾಯಿಗೆ ಸುಮಾರು ಎರಡು ಷಿಲ್ಲಿಂಗುಗಳೆಂಬ ದರವೂ ಹೆಚ್ಚು ಕದಲದೆ ನಿಂತಿತ್ತು. 1871ರ ತರುವಾಯ ಜರ್ಮನಿಯು ಸ್ವರ್ಣಪ್ರಮಾಣವನ್ನು ಅಂಗೀಕರಿಸಿ ತನ್ನ ಬೆಳ್ಳಿಯನ್ನು ಮಾರತೊಡಗಿದುದರಿಂದಲೂ, ಅಮೆರಿಕದ ನೆವಾಡ ಪ್ರಾಂತದ ಗಣಿಗಳಿಂದ ಬೆಳ್ಳಿ ಹೇರಳವಾಗಿ ಬಂದುದರಿಂದಲೂ ಆ ಲೋಹದ ಬೆಲೆ ಕುಸಿಯಿತು. ಯಾರು ಬೇಕಾದರೂ ಬೆಳ್ಳಿಯನ್ನು ಟಂಕಸಾಲೆಗೆ ಕೊಟ್ಟು ರೂಪಾಯಿಗಳನ್ನು ಪಡೆಯಬಹುದಾಗಿದ್ದ ಕಾರಣ ರೂಪಾಯಿಯೂ ಅದರೊಡನೆಯೇ ಇಳಿದು, 1892-93ರಲ್ಲಿ ಸರಾಸರಿ 15 ಪೆನ್ಸುಗಳ ಸನಿಹಕ್ಕೆ ಬಂದಿತು. ಸಾಲದ ಬಡ್ಡಿ, ರೈಲ್ವೆಯ ವೆಚ್ಚ, ನಿವೃತ್ತ ಅಧಿಕಾರಿಗಳ ಪಿಂಚಣಿ ಮೊದಲಾದವುಗಳಿಗಾಗಿ ಭಾರತ ಸರ್ಕಾರವು ಲಂಡನ್ನಿಗೆ ಕಳುಹಿಸಬೇಕಾಗಿದ್ದ ‘ಹೋಂ ಚಾರ್ಜಸ್’ ಪೌಂಡಿನಲ್ಲಿಯೇ ಸಲ್ಲತಕ್ಕದ್ದಾಗಿತ್ತು. ಆ ವರ್ಷ ಸುಮಾರು 1.65 ಕೋಟಿ ಪೌಂಡುಗಳನ್ನು ಕಳುಹಿಸಲು 26 ಕೋಟಿಗೂ ಮೀರಿದ ರೂಪಾಯಿಗಳು ಬೇಕಾದವು. 1873-74ರ ದರವೇ ಉಳಿದಿದ್ದರೆ 18 ಕೋಟಿಯೊಳಗೆ ಅದು ಮುಗಿಯುತ್ತಿತ್ತು.

ಈ ಸಂಕಟಕ್ಕೆ ಪರಿಹಾರವನ್ನು ಹುಡುಕಿದ ಹರ್ಷೆಲ್ ಸಮಿತಿಯ ಸಲಹೆಯಂತೆ 1893ರ ಜೂನಿನಲ್ಲಿ ಟಂಕಸಾಲೆಗಳು ಖಾಸಗಿ ಬೆಳ್ಳಿಗೆ ಬಾಗಿಲು ಮುಚ್ಚಿದವು. ರೂಪಾಯಿಯ ಅಭಾವವನ್ನುಂಟುಮಾಡಿ ಅದರ ಬೆಲೆಯನ್ನು 1 ಷಿಲ್ಲಿಂಗ್ 4 ಪೆನ್ಸಿಗೆ, ಅಂದರೆ 16 ಪೆನ್ಸಿಗೆ, ಏರಿಸುವುದೇ ಇದರ ಉದ್ದೇಶ. ಫೌಲರ್ ಸಮಿತಿಯ ವಿಚಾರಣೆಯಾದ ಮೇಲೆ, 1899ರಲ್ಲಿ, 15 ರೂಪಾಯಿಗೆ ಒಂದು ಪೌಂಡೆಂಬ ದರವು ಕಾಯಿದೆಯ ಮುದ್ರೆಯನ್ನು ಪಡೆಯಿತು. ಸರ್ಕಾರದ ಬೊಕ್ಕಸಕ್ಕೆ ಇದರಿಂದ ಉಸಿರಾಡಲು ಅವಕಾಶ ದೊರೆತುದು ನಿಜ. ಆದರೆ ಕಂದಾಯವನ್ನು ರೂಪಾಯಿಗಳಲ್ಲಿ ತೆರಬೇಕಾದ ರೈತನು, ರೂಪಾಯಿ ತುಟ್ಟಿಯಾದಷ್ಟೂ ಹೆಚ್ಚು ಧಾನ್ಯವನ್ನು ಮಾರಿ ಅದನ್ನು ಸಂಪಾದಿಸಬೇಕಾಗುವುದರಿಂದ, ಇದು ಕಣ್ಣಿಗೆ ಕಾಣದ ತೆರಿಗೆಯೇ ಸರಿಯೆಂದು ವಾದಿಸಿದವರು ದಾದಾಭಾಯಿ ನೌರೋಜಿಯವರು. ವಿನಿಮಯದ ಚರ್ಚೆಯಲ್ಲಿ ಹೊಲಗದ್ದೆಯ ದೃಷ್ಟಿ ಇಷ್ಟು ಸ್ಫುಟವಾಗಿ ಪ್ರವೇಶಿಸಿದ್ದು ಅವರಿಂದ.

ಇಂಡಿಯಾ ಆಫೀಸಿನಲ್ಲಿ ಕೆಲಸಮಾಡಿದ್ದ ಜಾನ್ ಮೇನಾರ್ಡ್ ಕೇನ್ಸರು 1913ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಳಗೆ ಬೆಳ್ಳಿಯ ರೂಪಾಯಿ ನಡೆಯುತ್ತ ಹೊರಗಿನ ಪಾವತಿಗೆ ಅದನ್ನು ನಿಶ್ಚಿತ ದರದಲ್ಲಿ ಪೌಂಡಿಗೆ ಬದಲಾಯಿಸಿಕೊಡುವ, ಭಾರತದಲ್ಲಿ ರೂಢಿಯಿಂದಲೇ ರೂಪುಗೊಂಡಿದ್ದ ಸ್ವರ್ಣವಿನಿಮಯ ಪದ್ಧತಿಯನ್ನು ಅನುಕರಣೀಯವೆಂದು ಪ್ರಶಂಸಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಬೆಲೆ ಅನಿರೀಕ್ಷಿತವಾಗಿ ಏರಿ, ಆ ಪದ್ಧತಿಯ ಸ್ಥಿರತೆಯನ್ನೇ ಕದಡಿತು. ಯುದ್ಧಾನಂತರ ಬ್ಯಾಬಿಂಗ್ಟನ್ ಸ್ಮಿತ್ ಸಮಿತಿಯು ರೂಪಾಯಿಗೆ ಚಿನ್ನದ ಲೆಕ್ಕದಲ್ಲಿ 2 ಷಿಲ್ಲಿಂಗುಗಳ ದರವನ್ನು ಶಿಫಾರಸು ಮಾಡಿದಾಗ, ಸದಸ್ಯರಾದ ದಾದಿಬಾ ದಲಾಲರು ಹಳೆಯ 16 ಪೆನ್ಸೇ ಇರತಕ್ಕದ್ದೆಂದು ಪ್ರತ್ಯೇಕ ವರದಿಯನ್ನು ಬರೆದರು. 1920ರಲ್ಲಿ ಎತ್ತರದ ದರವನ್ನು ಕಾಪಾಡಲು ಸರ್ಕಾರವು ಲಂಡನ್ನಿನ ನಿಧಿಯಿಂದ ಕೋಟ್ಯಂತರ ಪೌಂಡುಗಳನ್ನು ಅಗ್ಗವಾಗಿ ಮಾರಿ ಸೋತು ಕೈಬಿಟ್ಟಿತು. ಮರುವರ್ಷವೇ ರೂಪಾಯಿಯು 16 ಪೆನ್ಸಿಗಿಂತಲೂ ಕೆಳಗಿಳಿಯಿತು.

ಈ ಅನುಭವದ ಬೆನ್ನಿಗೇ, 1923ರಲ್ಲಿ, ಬಾಬಾಸಾಹೇಬ್ ಅಂಬೇಡ್ಕರರ ‘ದಿ ಪ್ರಾಬ್ಲಂ ಆಫ್ ದಿ ರುಪೀ’ ಪ್ರಕಟವಾಯಿತು. ಹೊರಗಿನ ವಿನಿಮಯವನ್ನು ಸ್ಥಿರಗೊಳಿಸಿದ ಮಾತ್ರಕ್ಕೆ ಒಳಗಿನ ಕ್ರಯಶಕ್ತಿ ಸ್ಥಿರವಾಗದೆಂದೂ, ಕೇನ್ಸರು ಮೆಚ್ಚಿದ ವ್ಯವಸ್ಥೆಯಲ್ಲಿ ರೂಪಾಯಿಯ ಸಂಖ್ಯೆ ಸರ್ಕಾರದ ಇಚ್ಛಾಧೀನವಾಗಿಬಿಡುವುದೆಂದೂ ಅವರು ಪ್ರತಿಪಾದಿಸಿದರು. ಅದಕ್ಕಿಂತಲೂ ಗಹನವಾದುದು ಅವರ ಮತ್ತೊಂದು ಮಾತು: ಇಳಿಯುವ ದರದಿಂದ ರಫ್ತುದಾರನಿಗೆ ಆಗುವ ಲಾಭವು ದೇಶದ ಲಾಭವಲ್ಲ, ಬೆಲೆಗಳು ಏರಿದ ವೇಗದಲ್ಲಿ ಏರದ ಕೂಲಿಯಿಂದ ಕಡಿದು ತೆಗೆದ ಪಾಲು. ನೌರೋಜಿಯವರು ತುಟ್ಟಿಯಾದ ರೂಪಾಯಿಯಲ್ಲಿ ರೈತನ ನಷ್ಟವನ್ನು ಕಂಡರೆ, ಅಂಬೇಡ್ಕರರು ಅಗ್ಗವಾದ ರೂಪಾಯಿಯಲ್ಲಿ ಕೂಲಿಕಾರನ ನಷ್ಟವನ್ನು ಕಂಡರು. ಇವೆರಡನ್ನೂ ಕೂಡಿಸಿ ನೋಡಿದಾಗಲೇ ವಿಷಯದ ಪೂರ್ಣಸ್ವರೂಪ ತಿಳಿಯುತ್ತದೆ.

1926ರ ಹಿಲ್ಟನ್ ಯಂಗ್ ಆಯೋಗವು 1 ಷಿಲ್ಲಿಂಗ್ 6 ಪೆನ್ಸುಗಳನ್ನು ಸೂಚಿಸಿತು. ಈ ದರವು ಸಾಗುವಳಿದಾರನ ವರಮಾನವನ್ನು ಕುಗ್ಗಿಸುವುದೆಂದು ಪುರುಷೋತ್ತಮದಾಸ್ ಠಾಕೂರದಾಸರು ಭಿನ್ನಮತವನ್ನು ದಾಖಲಿಸಿದರೂ, 1927ರ ಕಾಯಿದೆಯಿಂದ 13 ರೂಪಾಯಿ 5 ಆಣೆ 4 ಪೈಗೆ ಒಂದು ಪೌಂಡೆಂಬುದು ಸ್ಥಿರಪಟ್ಟಿತು. 1931ರಲ್ಲಿ ಇಂಗ್ಲೆಂಡು ಸ್ವರ್ಣಪ್ರಮಾಣವನ್ನು ತ್ಯಜಿಸಿದಾಗ ರೂಪಾಯಿಯನ್ನು ಅದೇ ದರದಲ್ಲಿ ಪೌಂಡಿಗೆ ಕಟ್ಟಿಹಾಕಲಾಯಿತು. ಧಾನ್ಯದ ಬೆಲೆ ಬಿದ್ದಿದ್ದ ಆ ದುರ್ದಿನಗಳಲ್ಲಿ ಮನೆಮನೆಗಳ ಒಡವೆಯ ಚಿನ್ನ ಮಾರಾಟಕ್ಕೆ ಬಂದು ಹಡಗುಗಳಲ್ಲಿ ಹೊರಹೋಯಿತು.

ಸ್ವಾತಂತ್ರ್ಯಾನಂತರವೂ ದರ ಬದಲಾಗಲಿಲ್ಲ. 1949ರ ಸೆಪ್ಟೆಂಬರಿನಲ್ಲಿ ಎರಡು ನಾಣ್ಯಗಳೂ ಡಾಲರಿನೆದುರು ಒಟ್ಟಿಗೆ ಇಳಿದುದರಿಂದ ಅವುಗಳ ಪರಸ್ಪರ ಸಂಬಂಧ ಅಬಾಧಿತವಾಗಿ ಉಳಿಯಿತು. ಎರಡನೆಯ ಪಂಚವಾರ್ಷಿಕ ಯೋಜನೆಯ ಕೊರತೆ ಹಣಕಾಸು ಬೆಲೆಗಳನ್ನು ಉಬ್ಬಿಸುವುದೆಂದು 1955ರಲ್ಲಿ ಏಕಾಂಗಿಯಾಗಿ ಭಿನ್ನಮತವನ್ನು ಬರೆದವರು, ಅಂದಿನ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬಿ.ಆರ್. ಶೆಣೈಯವರು. ಒಳಗೆ ಕ್ರಯಶಕ್ತಿಯನ್ನು ಕಳೆದುಕೊಳ್ಳುತ್ತಿರುವ ನಾಣ್ಯಕ್ಕೆ ಹೊರಗೆ ಹಳೆಯ ಬೆಲೆ ನಿಲ್ಲಲಾರದೆಂಬ ತತ್ತ್ವವನ್ನು ಮುಂದಿನ ದಶಕವೇ ದೃಢಪಡಿಸಿತು: ಬರಗಾಲವೂ ವಿದೇಶೀ ನೆರವಿನ ಅವಲಂಬನವೂ ಒಂದುಗೂಡಿದ್ದ 1966ರ ಜೂನ್ 6ರಂದು ಅಪಮೌಲ್ಯವಾಗಿ, ಪೌಂಡು 21 ರೂಪಾಯಿಗೇರಿತು. ಮರುವರ್ಷ ಪೌಂಡೇ ಅಪಮೌಲ್ಯಗೊಂಡು 18 ರೂಪಾಯಿಗಿಳಿಯಿತು. 1975ರಲ್ಲಿ ಪೌಂಡಿನೊಡನೆ ಇದ್ದ ಏಕಮಾತ್ರ ಬಂಧನ ಕಳಚಿ ಹಲವು ನಾಣ್ಯಗಳ ಸಮೂಹವೇ ಅಳತೆಗೋಲಾಯಿತು. 1993ರಿಂದ ದರನಿರ್ಣಯವು ಮಾರುಕಟ್ಟೆಗೆ ಸೇರಿತು.

ಇತ್ತೀಚಿನ ಚರಿತ್ರಕಾರರು, ಮುಖ್ಯವಾಗಿ 1996ರ ತಮ್ಮ ಕೃತಿಯಲ್ಲಿ ಜಿ. ಬಾಲಚಂದ್ರನ್ನರು, ಎರಡು ಯುದ್ಧಗಳ ನಡುವಣ ಭಾರತದ ನಾಣ್ಯನೀತಿಯನ್ನು ಬ್ರಿಟನ್ನಿನ ಚಿನ್ನದ ಸಮಸ್ಯೆಯೊಂದಿಗೆ ಇಟ್ಟು ನೋಡಿ, ವರದಿಗಳ ಶಾಸ್ತ್ರೀಯ ಭಾಷೆಯ ಹಿಂದಿದ್ದ ಸಾಮ್ರಾಜ್ಯದ ಹಿತಾಸಕ್ತಿಯನ್ನು ಬಯಲಿಗೆ ತಂದಿದ್ದಾರೆ. ದರವನ್ನು ಇಂದು ಮಾರುಕಟ್ಟೆ ನಿರ್ಣಯಿಸುವುದಾದರೂ ರಿಸರ್ವ್ ಬ್ಯಾಂಕು ಆಗಾಗ ಅದರಲ್ಲಿ ಕೈಹಾಕುತ್ತಲೇ ಇರುವುದರಿಂದ, ಏರಿದರೆ ಯಾರಿಗೆ ನಷ್ಟ, ಇಳಿದರೆ ಯಾರಿಗೆ ನಷ್ಟ ಎಂಬ ಹಳೆಯ ವಿಚಾರಣೆ ಮುಗಿದಿಲ್ಲ. ಆದಕಾರಣ ಈ ವಿಷಯವನ್ನು ವ್ಯಾಸಂಗ ಮಾಡುವವರು ಬಹುಮತದ ವರದಿಗಳಷ್ಟೇ ಶ್ರದ್ಧೆಯಿಂದ ಭಿನ್ನಮತದ ಪುಟಗಳನ್ನೂ ಓದತಕ್ಕದ್ದು. ರೈತನ ಹಾಗೂ ಕೂಲಿಕಾರನ ಲೆಕ್ಕ ಬಹುಪಾಲು ಆ ಪುಟಗಳಲ್ಲಿಯೇ ಬರೆಯಲ್ಪಟ್ಟಿದೆ.