ಕೊಳಚೆಗೆ ಉಸಿರು ಕೊಟ್ಟ ಗುಳ್ಳೆಗಳು

ಕೊಳಚೆ ನೀರು ಶುದ್ಧವಾಗಲು ಮೊದಲು ಬೇಕಾದ್ದು ಔಷಧವಲ್ಲ, ಉಸಿರು. ಕೊಳೆಯನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಬೇಕು. ಆದರೆ ನೀರು ಈ ವಿಷಯದಲ್ಲಿ ಬಲು ಜಿಪುಣ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಗಾಳಿಯಿಂದ ಹೀರಿಕೊಳ್ಳುವುದು ಸುಮಾರು 8 ಮಿಲಿಗ್ರಾಂ ಆಮ್ಲಜನಕ ಮಾತ್ರ. ಅದೂ ಬೇಗ ಖರ್ಚಾಗುತ್ತದೆ. ಹಾಗಾಗಿ ಎಡೆಬಿಡದೆ ಗಾಳಿ ಒದಗಿಸಬೇಕು. ಕಡಿಮೆ ಖರ್ಚಿನಲ್ಲಿ ಇದು ಸಾಧ್ಯವೇ? ಈ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿದ್ದ ರಸಾಯನ ವಿಜ್ಞಾನಿ ಗಿಲ್ಬರ್ಟ್ ಫೌಲರ್ 1912ರಲ್ಲಿ ಅಮೆರಿಕದ ಲಾರೆನ್ಸ್ ಪ್ರಯೋಗ ಕೇಂದ್ರಕ್ಕೆ ಹೋಗಿದ್ದರು. ಅಲ್ಲಿ ಬಾಟಲಿಯ ಕೊಳಚೆಗೆ ಗಾಳಿ ಊದುವ ಪ್ರಯೋಗ ನಡೆದಿತ್ತು. ಊರಿಗೆ ಮರಳಿದ ಅವರ ಸಲಹೆಯಂತೆ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಇದನ್ನು ಮುಂದುವರಿಸಿದರು. ಮೊದಲ ಸಲ ನೀರು ಶುದ್ಧವಾಗಲು ಸುಮಾರು ಐದು ವಾರ ಹಿಡಿಯಿತು. ಅವರು ತಿಳಿನೀರನ್ನಷ್ಟೇ ಬಸಿದು, ತಳದ ಗಸಿಯನ್ನು ಉಳಿಸಿಕೊಂಡು, ಅದರ ಮೇಲೆ ಹೊಸ ಕೊಳಚೆ ಸುರಿದರು. ಹೀಗೆ ಹಲವು ಬಾರಿ ಮಾಡುವಷ್ಟರಲ್ಲಿ ಅದೇ ಕೆಲಸ 24 ಗಂಟೆಯೊಳಗೆ ಮುಗಿಯತೊಡಗಿತು. ಹಾಲಿಗೆ ಹೆಪ್ಪು ಹೇಗೋ ಕೊಳಚೆಗೆ ಈ ಗಸಿ ಹಾಗೆ. 1914ರ ಏಪ್ರಿಲ್ 3ರಂದು ಅವರು ಈ ಫಲಿತಾಂಶವನ್ನು ಪ್ರಕಟಿಸಿದರು. 'ಆಕ್ಟಿವೇಟೆಡ್ ಸ್ಲಡ್ಜ್' ವಿಧಾನ ಹುಟ್ಟಿದ್ದು ಹೀಗೆ.

ಸಮಯವೇನೋ ಉಳಿಯಿತು. ಗಾಳಿ ಊದುವ ಖರ್ಚು? ಉತ್ತರ ಗುಳ್ಳೆಯ ಗಾತ್ರದಲ್ಲಿತ್ತು. ಒಂದು ಗುಳ್ಳೆಯನ್ನು ಅರ್ಧ ವ್ಯಾಸದ ಎಂಟು ಗುಳ್ಳೆಗಳಾಗಿ ಒಡೆದರೆ, ಗಾಳಿ ಅಷ್ಟೇ ಇದ್ದರೂ ನೀರನ್ನು ತಾಗುವ ಮೈ ಇಮ್ಮಡಿಯಾಗುತ್ತದೆ. ಸಣ್ಣ ಗುಳ್ಳೆ ನಿಧಾನವಾಗಿ ಮೇಲೇರುವುದರಿಂದ ಆಮ್ಲಜನಕ ಕರಗಲು ಹೆಚ್ಚು ಹೊತ್ತು ಸಿಗುತ್ತದೆ. ಇದನ್ನರಿತು ಅಮೆರಿಕದ ಮಿಲ್ವಾಕಿ ನಗರ 1920ರ ದಶಕದಲ್ಲೇ ಸೂಕ್ಷ್ಮ ರಂಧ್ರಗಳ ಪಿಂಗಾಣಿ ಬಿಲ್ಲೆಗಳನ್ನು ತೊಟ್ಟಿಯ ತಳಕ್ಕೆ ಹಾಸಿತು.

ಆದರೆ ಈ ರಂಧ್ರಗಳು ಕಟ್ಟಿಕೊಳ್ಳುತ್ತಿದ್ದವು. ಸ್ವಚ್ಛಗೊಳಿಸುವುದು ತ್ರಾಸದ ಕೆಲಸ. ವಿದ್ಯುತ್ ಅಗ್ಗವಾಗಿದ್ದ ಆ ಕಾಲದಲ್ಲಿ ಅಮೆರಿಕದ ಅನೇಕ ಕೇಂದ್ರಗಳು ದೊಡ್ಡ ತೂತಿನ ಕೊಳವೆಗಳ ಮೊರೆಹೋದವು. 1973ರ ತೈಲ ಬಿಕ್ಕಟ್ಟು ಲೆಕ್ಕಾಚಾರವನ್ನೇ ತಲೆಕೆಳಗು ಮಾಡಿತು. ಮೂಲೆಗೆ ಸರಿದಿದ್ದ ಸಣ್ಣ ಗುಳ್ಳೆ ಮತ್ತೆ ಬೇಕಾಯಿತು. ಗಾಳಿ ಬಂದಾಗ ತೆರೆದು, ನಿಂತಾಗ ಮುಚ್ಚಿಕೊಳ್ಳುವ ರಂಧ್ರಗಳ ರಬ್ಬರ್ ಪೊರೆಗಳೂ ಬಳಕೆಗೆ ಬಂದವು.

ಈ ಕಥೆಗೆ ಬೆಂಗಳೂರಿನ ನಂಟೂ ಇದೆ. ಫೌಲರ್ 1916ರಲ್ಲಿ ಇಲ್ಲಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅದೇ ಊರಿನ ಬೆಳ್ಳಂದೂರು ಕೆರೆ ಕೊಳಚೆಯಿಂದ ಉಸಿರುಗಟ್ಟಿ, 2015ರಲ್ಲಿ ಅದರ ನೊರೆಗೆ ಬೆಂಕಿ ಹೊತ್ತಿತ್ತು. ಇಂದಿಗೂ ಇಂಥ ಶುದ್ಧೀಕರಣ ಕೇಂದ್ರಗಳ ವಿದ್ಯುತ್ ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಾಳಿಯಾಡಿಸುವುದಕ್ಕೇ ಹೋಗುತ್ತದೆ. ಬಿಲ್ಲಿಗೆ ಹೆದರಿ ಯಂತ್ರ ನಿಲ್ಲಿಸಿದರೆ ಗಸಿಯ ಜೀವಿಗಳು ಸಾಯುತ್ತವೆ. ಕೊಳಚೆ ಕೊಳಚೆಯಾಗಿಯೇ ಕೆರೆ ಸೇರುತ್ತದೆ. ಗುಳ್ಳೆಯ ಗಾತ್ರ ಬರೀ ಎಂಜಿನಿಯರುಗಳ ತಲೆನೋವಲ್ಲ ಎನ್ನುವುದು ಇದಕ್ಕೇ.