ಕಥೆಯ ಹೊರಂಗಳ

ಧಾರಾವಾಹಿಯೆಂದರೆ ನಿಂತು ನಿಂತು ಹೇಳುವ ಕಥೆ. ಒಂದು ಕಂತು ಮುಗಿದು ಮತ್ತೊಂದು ಬರುವವರೆಗೆ ನಡುವೆ ಒಂದು ಬಿಡುವಿರುತ್ತದೆ. ಆ ಬಿಡುವಿನಲ್ಲಿ ಕಥೆ ಎಲ್ಲಿರುತ್ತದೆ ಎಂದು ಕೇಳಿಕೊಂಡರೆ, ನೋಡಿದವರ ಮನಸ್ಸಿನಲ್ಲಿ, ಅವರು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತಿನಲ್ಲಿ ಇರುತ್ತದೆ ಎಂದೇ ಉತ್ತರಿಸಬೇಕಾಗುತ್ತದೆ. ಬಹುಕಾಲ ಈ ಬಿಡುವು ಪ್ರೇಕ್ಷಕರ ಸ್ವಂತ ಸೊತ್ತಾಗಿತ್ತು. ಅದನ್ನು ಕಥೆ ಹೇಳುವವರು ತಮ್ಮ ವಶಕ್ಕೆ ತೆಗೆದುಕೊಂಡದ್ದು ಹೇಗೆ, ಅದರಿಂದ ಕಥೆಗೆ ಏನಾಯಿತು ಎಂಬುದು ನನ್ನ ಈ ಹೊತ್ತಿನ ವಿಷಯ. ಅಮೆರಿಕದ ಟೆಲಿವಿಷನ್ ಈ ಕೆಲಸವನ್ನು ಅಂತರಜಾಲದ ತಾಣಗಳ ಮೂಲಕ ಮಾಡಿತಾದ್ದರಿಂದ ನನ್ನ ನಿದರ್ಶನಗಳೂ ಬಹುಮಟ್ಟಿಗೆ ಅಲ್ಲಿನವೇ.

ಜಾಲತಾಣಕ್ಕೆ ಮೊದಲು ಅಂಚೆಯಿತ್ತು. ೧೯೬೭-೬೮ರಲ್ಲಿ ‘ಸ್ಟಾರ್ ಟ್ರೆಕ್’ ಧಾರಾವಾಹಿ ನಿಂತುಹೋಗಲಿದೆ ಎಂಬ ಸುದ್ದಿ ಹಬ್ಬಿದಾಗ ಅದರ ಅಭಿಮಾನಿಗಳು ಎನ್.ಬಿ.ಸಿ. ಪ್ರಸಾರ ಸಂಸ್ಥೆಗೆ ಬರೆದ ಪತ್ರಗಳು ಒಂದು ಲಕ್ಷವನ್ನು ಮೀರಿದವು. ಕಡೆಗೆ ೧೯೬೮ರ ಮಾರ್ಚ್ ೧ರಂದು, ಧಾರಾವಾಹಿ ಮುಂದುವರಿಯುತ್ತದೆ, ದಯವಿಟ್ಟು ಇನ್ನು ಬರೆಯಬೇಡಿ ಎಂದು ಸಂಸ್ಥೆ ಪರದೆಯ ಮೇಲೆಯೇ ಪ್ರಕಟಿಸಬೇಕಾಯಿತು. ನಮ್ಮಲ್ಲಿ ೧೯೮೪-೮೫ರಲ್ಲಿ ದೂರದರ್ಶನದಲ್ಲಿ ಬಂದ ‘ಹಮ್ ಲೋಗ್’ ಹಲವರಿಗೆ ನೆನಪಿರಬಹುದು. ಮನೋಹರ ಶ್ಯಾಮ ಜೋಶಿಯವರು ಬರೆದ ಆ ಕಥೆಯ ಕಂತು ಮುಗಿಯುತ್ತಿದ್ದಂತೆ ಅಶೋಕ್ ಕುಮಾರ್ ಬಂದು ನಿಂತು, ನೋಡುಗರ ಪತ್ರಗಳನ್ನು ಪ್ರಸ್ತಾಪಿಸಿ ಎರಡು ಮಾತು ಹೇಳುತ್ತಿದ್ದರು. ಸುಮಾರು ೪ ಲಕ್ಷ ಪತ್ರಗಳು ಬಂದುವೆಂದು ಆ ಧಾರಾವಾಹಿಯನ್ನು ಅಭ್ಯಾಸ ಮಾಡಿದವರು ಬರೆದಿದ್ದಾರೆ. ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ: ಪತ್ರ ಬರೆದವನು ಕಥೆಯ ಹೊರಗೆ ನಿಂತೇ ಬರೆದ. ಬಾಗಿಲು ತಟ್ಟಿದನೇ ಹೊರತು ಒಳಗೆ ಬರಲಿಲ್ಲ.

ಅಂತರಜಾಲ ಬಂದ ಮೇಲೆ ಮೊದಲು ತಾಣ ಕಟ್ಟಿದವರೂ ಅಭಿಮಾನಿಗಳೇ. ಪ್ರಸಾರ ಸಂಸ್ಥೆಗಳಿಗೆ ಇದು ಮೊದಮೊದಲು ಪ್ರೀತಿಯಾಗಿ ಕಾಣಲಿಲ್ಲ, ಅತಿಕ್ರಮಣವಾಗಿ ಕಂಡಿತು. ೧೯೯೬ರ ಸುಮಾರಿಗೆ ಫಾಕ್ಸ್ ಸಂಸ್ಥೆಯ ಪರವಾಗಿ ಇಂಥ ಹವ್ಯಾಸಿ ತಾಣಗಳಿಗೆ ಕಾನೂನಿನ ಎಚ್ಚರಿಕೆಯ ಪತ್ರಗಳು ಹೋದವು. ಅಂಗಳದಲ್ಲಿ ಆಡುತ್ತಿದ್ದ ಮಕ್ಕಳನ್ನು ಗದರಿಸಿ ಕಳಿಸಿ, ಆಮೇಲೆ ಅಲ್ಲಿ ತಾವೇ ಚಪ್ಪರ ಹಾಕಿದಂತೆ, ಸಂಸ್ಥೆಗಳು ಕ್ರಮೇಣ ತಮ್ಮ ಅಧಿಕೃತ ತಾಣಗಳನ್ನು ಬೆಳೆಸಿದವು.

ಆ ಚಪ್ಪರದ ಕೆಳಗೆ ನಡೆದದ್ದೆಲ್ಲ ಬರಿಯ ಡಂಗುರವಲ್ಲ ಎಂಬುದನ್ನು ಮಾತ್ರ ಒಪ್ಪಬೇಕು. ‘ಹೋಮಿಸೈಡ್’ ಎಂಬುದು ಬಾಲ್ಟಿಮೋರ್ ನಗರದಲ್ಲಿ ಕೊಲೆಗಳ ತನಿಖೆ ನಡೆಸುವ ಪೊಲೀಸರ ಕಥೆ. ೧೯೯೭ರಲ್ಲಿ ಎನ್.ಬಿ.ಸಿ. ತನ್ನ ತಾಣದಲ್ಲಿ ಇದಕ್ಕೆ ‘ಸೆಕೆಂಡ್ ಷಿಫ್ಟ್’ ಎಂಬ ಜೊತೆಕಥೆಯನ್ನು ಆರಂಭಿಸಿತು. ಕಲ್ಪನೆ ಸರಳವಾದದ್ದು, ಸೊಗಸಾದದ್ದು. ಟಿ.ವಿ.ಯಲ್ಲಿ ಕಾಣುವ ಪತ್ತೇದಾರರು ಪಾಳಿ ಮುಗಿಸಿ ಮನೆಗೆ ಹೋದ ಮೇಲೆ ಅದೇ ಠಾಣೆಗೆ ಎರಡನೆಯ ಪಾಳಿಯವರು ಬರುತ್ತಾರೆ. ಇವರ ಕಥೆ ಜಾಲತಾಣದಲ್ಲಿ ಚಿತ್ರ, ಬರಹಗಳ ಮೂಲಕ ಸಾಗುತ್ತದೆ. ೧೯೯೯ರಲ್ಲಿ ಎರಡು ಪಾಳಿಯವರೂ ಒಂದೇ ಪ್ರಕರಣದಲ್ಲಿ ಕೂಡಿದರು, ಜಾಲತಾಣದ ಪಾತ್ರಗಳು ಟಿ.ವಿ.ಯ ಕಂತಿಗೆ ಬಂದವು.

‘ಡಾಸನ್ಸ್ ಕ್ರೀಕ್’ ಹದಿಹರೆಯದವರ ಧಾರಾವಾಹಿ. ೧೯೯೮ರಲ್ಲಿ ‘ದಿ ಡಬ್ಲ್ಯು.ಬಿ.’ ಎಂಬ ವಾಹಿನಿಯಲ್ಲಿ ಆರಂಭವಾಯಿತು. ಅದೇ ವರ್ಷ ಹುಟ್ಟಿದ ‘ಡಾಸನ್ಸ್ ಡೆಸ್ಕ್‌ಟಾಪ್’ ಎಂಬ ತಾಣವನ್ನು ತೆರೆದರೆ ಕಥಾನಾಯಕನ ಕಂಪ್ಯೂಟರಿನ ಪರದೆಯೇ ನಮ್ಮ ಮುಂದೆ ಬರುತ್ತಿತ್ತು. ಅವನು ಗೆಳತಿಗೆ ಬರೆದ ಪತ್ರ, ಅವನ ದಿನಚರಿ ಎಲ್ಲವನ್ನೂ ನೋಡುಗ ಓದಬಹುದಾಗಿತ್ತು. ಎರಡು ಕಂತುಗಳ ನಡುವಣ ದಿನಗಳಲ್ಲಿ ಹೊಸ ಓಲೆಗಳು ಅಲ್ಲಿ ಸೇರುತ್ತಿದ್ದವು. ಪರರ ಪತ್ರವನ್ನು ಕದ್ದು ಓದುವ ಸುಖವನ್ನು ಆಂಗ್ಲ ಕಾದಂಬರಿ ೧೭೪೦ರಲ್ಲಿಯೇ, ರಿಚರ್ಡ್‌ಸನ್ನನ ‘ಪಮೇಲ’ದಲ್ಲಿಯೇ, ಬಲ್ಲದು. ಆದರೆ ಆ ಓದುಗ ಪುಟ ತಿರುವಿ ಕೊನೆಗೆ ಹೋಗಬಹುದಾಗಿತ್ತು. ಇವನು ನಾಳೆಯ ಓಲೆಗಾಗಿ ನಾಳೆಯವರೆಗೆ ಕಾಯಬೇಕು. ಬಿಡುವು ಹೀಗೆ ತುಂಬಿಹೋಯಿತು.

ಈ ಪ್ರಯೋಗ ತನ್ನ ತುದಿಯನ್ನು ಮುಟ್ಟಿದ್ದು ‘ಲಾಸ್ಟ್’ ಧಾರಾವಾಹಿಯಲ್ಲಿ. ವಿಮಾನವೊಂದು ಅಪಘಾತಕ್ಕೀಡಾಗಿ ದ್ವೀಪವೊಂದರಲ್ಲಿ ಸಿಕ್ಕಿಬಿದ್ದವರ ಈ ಕಥೆ ಎ.ಬಿ.ಸಿ. ವಾಹಿನಿಯಲ್ಲಿ ೨೦೦೪ರಿಂದ ೨೦೧೦ರವರೆಗೆ ನಡೆಯಿತು. ೪, ೮, ೧೫, ೧೬, ೨೩, ೪೨ ಎಂಬ ಆರು ಅಂಕಿಗಳು ಅದರಲ್ಲಿ ಮತ್ತೆ ಮತ್ತೆ ಬಂದು ಕಾಡುತ್ತವೆ. ೨೦೦೬ರ ಬೇಸಗೆಯಲ್ಲಿ ಕಂತುಗಳಿಗೆ ಬಿಡುವು ಬರುವ ಹೊತ್ತಿಗೆ, ಕಥೆಯೊಳಗಿನ ಹ್ಯಾನ್ಸೋ ಪ್ರತಿಷ್ಠಾನವೆಂಬ ಸಂಸ್ಥೆಯ ಹೆಸರಿನಲ್ಲಿ, ನಿಜವಾದ ಸಂಸ್ಥೆಯದೋ ಎಂಬಂತೆ, ಟಿ.ವಿ.ಯಲ್ಲಿ ಜಾಹೀರಾತು ಬಂತು. ಅದನ್ನು ಹಿಡಿದು ಹೋದವನಿಗೆ ಜಾಲತಾಣ ಸಿಕ್ಕಿತು. ಅಲ್ಲಿಂದ ಸುಳಿವಿನ ಮೇಲೆ ಸುಳಿವು. ಅಪಘಾತದಲ್ಲಿ ಸತ್ತನೆಂದು ಹೇಳಲಾದ ಲೇಖಕನ ಹೆಸರಿನಲ್ಲಿ ‘ಬ್ಯಾಡ್ ಟ್ವಿನ್’ ಎಂಬ ಕಾದಂಬರಿಯೂ ನಿಜವಾಗಿಯೇ ಅಚ್ಚಾಗಿ ಮಾರಾಟವಾಯಿತು. ಹುಟ್ಟದೆ ಇದ್ದವನು ಸತ್ತು ಗ್ರಂಥಕರ್ತನಾದದ್ದು ಸಾಹಿತ್ಯಚರಿತ್ರೆಯಲ್ಲಿ ವಿರಳವೇ! ಕಡೆಗೆ ೭೦ ತುಂಡುಗಳಾಗಿ ಅಲ್ಲಲ್ಲಿ ಹುದುಗಿಸಿಟ್ಟಿದ್ದ ಕಿರುಚಿತ್ರವೊಂದನ್ನು ಅಭಿಮಾನಿಗಳು ಹುಡುಕಿ ಜೋಡಿಸಿದರು. ಆ ಆರು ಅಂಕಿಗಳು ಮಾನವಕುಲದ ಅಂತ್ಯಕಾಲವನ್ನು ಗಣಿಸುವ ಸಮೀಕರಣವೊಂದರ ಅಂಶಗಳೆಂಬ ವಿವರಣೆ ಅದರಲ್ಲಿತ್ತು.

ನನ್ನ ವೃತ್ತಿಯ ಬಹುಭಾಗ ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸುವುದರಲ್ಲಿ ಕಳೆದುದರಿಂದ ಇಲ್ಲಿ ನನಗೊಂದು ತೊಡಕು ಕಾಣುತ್ತದೆ. ೨೦೧೦ರಲ್ಲಿ ಪ್ರಸಾರವಾದ ಕೊನೆಯ ಭಾಗದಲ್ಲಿ ಅದೇ ಅಂಕಿಗಳನ್ನು ದ್ವೀಪದ ರಕ್ಷಕನ ಸ್ಥಾನಕ್ಕೆ ಪರಿಗಣಿತರಾದವರ ಹೆಸರುಗಳಿಗೆ ಹೊಂದಿಸಲಾಯಿತು. ಟಿ.ವಿ.ಯನ್ನು ಮಾತ್ರ ನೋಡಿದವನಿಗೆ ಒಂದು ಅರ್ಥ, ಜಾಲತಾಣಕ್ಕೂ ಹೋದವನಿಗೆ ಇನ್ನೊಂದು. ನಮ್ಮ ಓಲೆಗರಿಗಳಲ್ಲಿ ಟೀಕೆ ಮೂಲದೊಳಗೆ ಸೇರಿಹೋಗುವುದುಂಟು. ಅದು ಲಿಪಿಕಾರನ ಕೈವಾಡವೆಂದು ನಾವು ಬದಿಗಿಡುತ್ತೇವೆ. ಇಲ್ಲಿಯಾದರೋ ಮೂಲದ ಒಡೆಯರೇ ಬರೆಯಿಸಿದ ಟೀಕೆ ಮೂಲದ ಹೊರಗೆ ಉಳಿದಿದೆ. ಅದು ಕೃತಿಯ ಭಾಗವೇ, ಅಲ್ಲವೇ? ಸುಳಿವುಗಳಲ್ಲಿ ಕೆಲವನ್ನು ಸ್ಪ್ರೈಟ್ ಪಾನೀಯದ, ಜೀಪ್ ವಾಹನದ ಪ್ರಚಾರಗಳೊಳಗೇ ಅಡಗಿಸಿದ್ದರೆಂಬುದನ್ನು ನೆನೆದರೆ ಪ್ರಶ್ನೆ ಮತ್ತಷ್ಟು ಜಟಿಲವಾಗುತ್ತದೆ.

ಇದು ಪಂಡಿತರ ಕಾಲಕ್ಷೇಪದ ಪ್ರಶ್ನೆಯಲ್ಲ. ಇದಕ್ಕಾಗಿಯೇ ಒಂದು ಜಗಳ ನಡೆಯಿತು. ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕ’ ಧಾರಾವಾಹಿಯ ಎರಡು ಋತುಗಳ ನಡುವಣ ಕಥೆಯನ್ನು ೨೦೦೬ರಲ್ಲಿ ಜಾಲತಾಣಕ್ಕಾಗಿ ೧೦ ಕಿರುಕಂತುಗಳಾಗಿ ತಯಾರಿಸಿದರು. ಕೆಲವು ನಿಮಿಷಗಳ ಕಂತುಗಳಾದರೂ ಪಾತ್ರ, ಸಂವಾದ, ನಟರು ಎಲ್ಲ ಉಂಟು. ಆದರೂ ಒಡೆಯರಾದ ಎನ್.ಬಿ.ಸಿ. ಯೂನಿವರ್ಸಲ್ ಸಂಸ್ಥೆ, ಇವು ಪ್ರಚಾರ ಸಾಮಗ್ರಿ, ಬರೆದವರಿಗೆ ಕೃತಿಯ ಸಂಭಾವನೆ ಸಲ್ಲದು ಎಂದು ವಾದಿಸಿತು. ಧಾರಾವಾಹಿಯ ಮುಖ್ಯಸ್ಥ ರೊನಾಲ್ಡ್ ಮೂರ್ ಅವನ್ನು ಒಪ್ಪಿಸಲು ನಿರಾಕರಿಸಿದ. ಮರುವರ್ಷ, ೨೦೦೭ರ ನವೆಂಬರ್ ೫ರಂದು, ಅಮೆರಿಕದ ಚಿತ್ರಕಥೆಗಾರರ ಸಂಘ ಹೂಡಿದ ಮುಷ್ಕರದ ಬೇಡಿಕೆಗಳಲ್ಲಿ ಅಂತರಜಾಲದ ಬರವಣಿಗೆಯ ಸಂಭಾವನೆಯೇ ಪ್ರಧಾನವಾಯಿತು. ೧೦೦ ದಿನಗಳು ಲೇಖನಿ ಕೆಳಗಿಟ್ಟ ಮೇಲೆ, ೨೦೦೮ರ ಫೆಬ್ರುವರಿಯಲ್ಲಿ ಆದ ಒಪ್ಪಂದದಲ್ಲಿ ಆ ಬರವಣಿಗೆಗೂ ನಿಯಮಗಳು ಬಂದವು. ನನ್ನ ಮಟ್ಟಿಗೆ ಲೇಖಕರ ಪಕ್ಷವೇ ನ್ಯಾಯವಾದದ್ದು. ನೋಡುಗನನ್ನು ಕರೆಯುವಾಗ ಕಥೆಯೆಂದು ಕರೆದು, ಬರೆದವನಿಗೆ ಕೂಲಿ ಕೊಡುವಾಗ ಜಾಹೀರಾತೆಂದು ಹೇಳುವುದು ವಂಚನೆ.

ಸಂಭಾವನೆಗೆ ನಿಯಮ ಬಂತು, ಸಂರಕ್ಷಣೆಗೆ ಬರಲಿಲ್ಲ. ಜಾಹೀರಾತನ್ನು ಯಾರೂ ಕಾದಿಡುವುದಿಲ್ಲವಷ್ಟೆ. ‘ದಿ ಡಬ್ಲ್ಯು.ಬಿ.’ ವಾಹಿನಿಯೇ ೨೦೦೬ರಲ್ಲಿ ಮುಚ್ಚಿತು. ಡಾಸನ್ನನ ಕಥೆಯ ಕಂತುಗಳು ಇಂದಿಗೂ ನೋಡಲು ಸಿಗುತ್ತವೆ, ಅವನ ಓಲೆಗಳಿದ್ದ ಆ ತಾಣ ಸಿಗುವುದಿಲ್ಲ. ಹ್ಯಾನ್ಸೋ ಪ್ರತಿಷ್ಠಾನದ ತಾಣದ ಗತಿಯೂ ಅದೇ. ಆದರೆ ೨೦೦೫ರಲ್ಲಿ ಅಭಿಮಾನಿಗಳು ಆರಂಭಿಸಿದ ‘ಲಾಸ್ಟ್‌ಪೀಡಿಯ’ ಎಂಬ ವಿಶ್ವಕೋಶದಲ್ಲಿ ಆ ಬೇಸಗೆಯ ಸುಳಿವುಗಳ ವೃತ್ತಾಂತ ದಾಖಲಾಗಿದೆ. ಆ ೭೦ ತುಂಡುಗಳ ಚಿತ್ರವನ್ನು ಇಂದು ನೋಡಬೇಕೆನ್ನುವವನು ಪ್ರಸಾರ ಸಂಸ್ಥೆಯ ಬಾಗಿಲಿಗೆ ಹೋಗಿ ಪ್ರಯೋಜನವಿಲ್ಲ; ಅಂದು ಅದನ್ನು ಜೋಡಿಸಿ ಪ್ರತಿ ಮಾಡಿಟ್ಟುಕೊಂಡ ನೋಡುಗರನ್ನೇ ಆಶ್ರಯಿಸಬೇಕು.